1989ರ ಗ್ರಿಫಿ ರೂಕಿಗೆ ಯಾವ ಬಾಕ್ಸ್ ಬಿಚ್ಚಬೇಕು? ಅಪ್ಪರ್ ಡೆಕ್, ಡಾನ್‌ರಸ್, ಫ್ಲೀರ್, ಬೋಮನ್: ನಾನು ಬಿಚ್ಚಿ ನೋಡಿದ ಹಾಗೆ

ಅಮೆರಿಕದ ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್‌ನ ರೂಕಿ ಕಾರ್ಡ್, ಅಂದರೆ ಅವನ ಚಿತ್ರವಿರುವ ಮೊದಲ ಕಾರ್ಡ್ ಬೇಕು, ಅದೂ ಹಳೇ ಪ್ಯಾಕ್ ಒಳಗಿಂದ ನಮ್ಮ ಕೈಯಾರೆ ಬಿಚ್ಚಿದಾಗಲೇ ಸಿಗಬೇಕು ಅನ್ನುವ ಆಸೆ ಇದ್ದವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. 1989ರ ಅಪ್ಪರ್ ಡೆಕ್ ಕಂಪನಿಯದ್ದು, ಲೋ ಸೀರೀಸ್ (ಸೆಟ್‌ನ ಮೊದಲ 700 ಕಾರ್ಡ್), ಇಡೀ ಬಾಕ್ಸ್. ಬಿಡಿ ಪ್ಯಾಕ್ ಬೇಡ. ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಕೂಡಿಟ್ಟು ತಗೊಳ್ಳಿ. ಅದೇ ವರ್ಷದ ಡಾನ್‌ರಸ್, ಫ್ಲೀರ್, ಬೋಮನ್ ಅನ್ನುವ ಬೇರೆ ಬ್ರ್ಯಾಂಡ್‌ಗಳ ಬಾಕ್ಸ್‌ಗಳನ್ನೂ ನಾನು ಬಿಚ್ಚಿದ್ದೇನೆ. ಅವುಗಳಲ್ಲೂ ಗ್ರಿಫಿ ಇದ್ದಾನೆ, ಬೆಲೆಯೂ ಕಡಿಮೆ. ಆದರೂ ನನ್ನ ಮನಸ್ಸು ಅಪ್ಪರ್ ಡೆಕ್ ಕಡೆಗೇ.

ನಾನಿರುವುದು ಸಿಯಾಟಲ್ ಪಕ್ಕದಲ್ಲಿ. ಇಲ್ಲಿ ಬೇಸ್‌ಬಾಲ್ ಅಂದರೆ ಊರಿನ ತಂಡ ಮ್ಯಾರಿನರ್ಸ್, ಮ್ಯಾರಿನರ್ಸ್ ಅಂದರೆ ಗ್ರಿಫಿ. ಕ್ರೀಡಾಂಗಣದ ಹೊರಗೆ 2017ರಿಂದ ಅವನ ಕಂಚಿನ ಪ್ರತಿಮೆ ನಿಂತಿದೆ. ಕ್ರಿಕೆಟ್ ನೋಡುತ್ತಾ ಬೆಳೆದ ನನಗೆ ಈ ಆಟದ ರುಚಿ ಹತ್ತಿಸಿದ್ದು ಅವನ ಹಳೇ ವಿಡಿಯೊಗಳೇ. ಎಡಗೈ ಆಟಗಾರ. ಬ್ಯಾಟ್ ಬೀಸಿದರೆ ಎಲ್ಲೂ ಜೋರು ಮಾಡಿದ ಹಾಗೆ ಕಾಣುವುದಿಲ್ಲ, ಚೆಂಡು ಮಾತ್ರ ಗ್ಯಾಲರಿಯಲ್ಲಿ ಬಿದ್ದಿರುತ್ತದೆ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1987ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಅವನನ್ನು ಮ್ಯಾರಿನರ್ಸ್ ಆರಿಸಿಕೊಂಡಿತು. 1989ರ ಏಪ್ರಿಲ್ 3ರಂದು ಓಕ್ಲೆಂಡ್‌ನಲ್ಲಿ ಮೊದಲ ಪಂದ್ಯ ಆಡಿದಾಗ ಅವನಿಗೆ 19 ವರ್ಷ. ಮೊದಲ ಸಲ ಬ್ಯಾಟ್ ಹಿಡಿದು ನಿಂತಾಗಲೇ ಡಬಲ್ (ಎರಡನೇ ಬೇಸ್‌ವರೆಗೆ ಓಡಿಸುವ ಹೊಡೆತ) ಹೊಡೆದ. ಮುಂದಿನ ವರ್ಷ ಅದೇ ತಂಡಕ್ಕೆ ಅವನ ಅಪ್ಪ ಕೆನ್ ಗ್ರಿಫಿ ಸೀನಿಯರ್ ಕೂಡ ಬಂದರು. 1990ರ ಸೆಪ್ಟೆಂಬರ್ 14ರಂದು ಅಪ್ಪ ಮಗ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ) ಹೊಡೆದರು. ಒಟ್ಟು 630 ಹೋಮ್ ರನ್ ಹೊಡೆದು ಆಟ ಮುಗಿಸಿದ. 2016ರಲ್ಲಿ ಶ್ರೇಷ್ಠ ಆಟಗಾರರ ಹಾಲ್ ಆಫ್ ಫೇಮ್‌ಗೆ ಹೋದಾಗ 440 ಮತಗಳಲ್ಲಿ 437 ಅವನಿಗೇ ಬಿದ್ದವು.

ಆಟಗಾರ ದೊಡ್ಡ ಲೀಗ್‌ಗೆ ಕಾಲಿಟ್ಟ ಹೊತ್ತಿನಲ್ಲಿ ಬಂದ ಮೊದಲ ಕಾರ್ಡೇ ರೂಕಿ ಕಾರ್ಡ್. ಅವನು ಮುಂದೆ ಏನಾಗುತ್ತಾನೆ ಅಂತ ಯಾರಿಗೂ ಗೊತ್ತಿಲ್ಲದಾಗ ಅಚ್ಚಾಗಿದ್ದು. ಅದಕ್ಕೇ ಅದರ ಮೇಲೆ ಎಲ್ಲರಿಗೂ ಅಷ್ಟು ಆಸೆ.

ಮೂವತ್ತೈದು ವರ್ಷ ದಾಟಿದ ಪ್ಯಾಕ್‌ಗಳು ಇನ್ನೂ ಬಿಚ್ಚದೆ ಉಳಿದಿರುವುದು ಹೇಗೆ ಅಂತ ನನ್ನ ಗೆಳೆಯರು ಕೇಳುತ್ತಾರೆ. ಅದಕ್ಕೆ ಕಾರಣ 1952ರ ಟಾಪ್ಸ್ ಕಾರ್ಡ್‌ಗಳು. ಆ ಕಾಲದ ಮಕ್ಕಳು ಅವನ್ನು ಆಡಿ, ಮಡಚಿ, ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಹಾಳು ಮಾಡಿದರು. ಮಾರಾಟವಾಗದೆ ಉಳಿದಿದ್ದನ್ನು ಟಾಪ್ಸ್ ಕಂಪನಿಯೇ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿತು. ಹಾಗಾಗಿ ಚೆನ್ನಾಗಿ ಉಳಿದವು ತುಂಬಾ ಕಡಿಮೆ. ಆ ಸೆಟ್‌ನ ಮಿಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ ಒಂದು ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತು. ಹಳೇ ಕಾರ್ಡ್‌ಗೆ ಬೆಲೆ ಬರುತ್ತದೆ ಅಂತ 80ರ ದಶಕದ ಹೊತ್ತಿಗೇ ಊರಿಗೆಲ್ಲ ಗೊತ್ತಾಗಿತ್ತು. ಜನ ಬಾಕ್ಸ್ ಬಾಕ್ಸೇ ತಂದು ಅಟ್ಟದ ಮೇಲೆ, ಗ್ಯಾರೇಜಿನಲ್ಲಿ ಇಟ್ಟರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು ಅಲ್ವಾ? ಆಗ ಪ್ಯಾಕ್‌ಗಳು ಮೇಣದ (ವ್ಯಾಕ್ಸ್) ಕಾಗದದಲ್ಲಿ ಬರುತ್ತಿದ್ದವು, ಅದಕ್ಕೇ ಇಲ್ಲಿ ಆ ಕಾಲವನ್ನು 'ಜಂಕ್ ವ್ಯಾಕ್ಸ್' ಅಂತಲೇ ಕರೆಯುತ್ತಾರೆ. ಕೂಡಿಟ್ಟವರಿಗೆ ನಷ್ಟ, ಈಗ ಬಿಚ್ಚುವ ನಮ್ಮಂಥವರಿಗೆ ಲಾಭ.

ಒಂದು ಎಚ್ಚರಿಕೆ. 1989ರ ಟಾಪ್ಸ್ ಪ್ಯಾಕ್ ತಗೊಳ್ಳಬೇಡಿ. ಅದರಲ್ಲಿ ಗ್ರಿಫಿ ಇಲ್ಲವೇ ಇಲ್ಲ. ಆ ವರ್ಷದ 792 ಕಾರ್ಡ್‌ಗಳಲ್ಲಿ ಟಾಪ್ಸ್ ಅವನಿಗೆ ಜಾಗ ಕೊಡಲಿಲ್ಲ. ಆಮೇಲೆ ಬಂದ ಟಾಪ್ಸ್ ಟ್ರೇಡೆಡ್ ಸೆಟ್‌ನಲ್ಲಿ 41ಟಿ ಅನ್ನುವ ನಂಬರಿನಲ್ಲಿ ಹಾಕಿದರು. ಅದು ಇಡೀ ಸೆಟ್ಟಾಗಿ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿ ತಗೊಂಡರೆ ಗ್ರಿಫಿ ಖಂಡಿತ ಇರುತ್ತಾನೆ, ಹುಡುಕುವ ಮಾತೇ ಇಲ್ಲ. ನಾನು ಬರೆಯುತ್ತಿರುವುದು ಹುಡುಕುವವರಿಗೆ.

ಅಪ್ಪರ್ ಡೆಕ್ ಯಾಕೆ

ಅಪ್ಪರ್ ಡೆಕ್‌ಗೆ 1989 ಮೊದಲ ವರ್ಷ. ಕ್ಯಾಲಿಫೋರ್ನಿಯಾದ ಹೊಸ ಕಂಪನಿ. ಆಗ ಮಾರುಕಟ್ಟೆಯಲ್ಲಿ ನಕಲಿ ಕಾರ್ಡ್‌ಗಳ ಕಾಟ ಶುರುವಾಗಿತ್ತು. ಅದಕ್ಕೆ ಇವರು ಪ್ರತಿ ಕಾರ್ಡಿನ ಹಿಂದೆ ಹೋಲೋಗ್ರಾಮ್ ಅಂಟಿಸಿದರು. ಮೇಣದ ಕಾಗದ ಬಿಟ್ಟು ಫಾಯಿಲ್ ಪ್ಯಾಕ್ ತಂದರು. ಕಾಗದ ಬಿಳಿ, ದಪ್ಪ, ಹೊಳಪು. ಹಿಂದೆಯೂ ಬಣ್ಣದ ಫೋಟೊ. ಪ್ಯಾಕ್ ಬೆಲೆ ಒಂದು ಡಾಲರ್ ಹತ್ತಿರ. ಉಳಿದವಕ್ಕಿಂತ ಸುಮಾರು ಎರಡು ಪಟ್ಟು.

ಈ ಸೆಟ್‌ನ 1ನೇ ನಂಬರ್ ಕಾರ್ಡೇ ಗ್ರಿಫಿ. ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಇದು. ಸೆಟ್ ತಯಾರಾಗುವಾಗ ಅವನು ದೊಡ್ಡ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೊದಲ ನಂಬರನ್ನು ಇವನಿಗೇ ಕೊಡೋಣ ಅಂದಿದ್ದು ಕಂಪನಿಯಲ್ಲಿ ಕೆಲಸಕ್ಕಿದ್ದ ಟಾಮ್ ಗೈಡೆಮನ್ ಅನ್ನುವ ಕಾಲೇಜು ಹುಡುಗ. ಮ್ಯಾರಿನರ್ಸ್ ಬಟ್ಟೆಯಲ್ಲಿ ಗ್ರಿಫಿಯ ಫೋಟೊ ಕೂಡ ಇರಲಿಲ್ಲ. ಸ್ಯಾನ್ ಬರ್ನಾರ್ಡಿನೊ ಸ್ಪಿರಿಟ್ ಅನ್ನುವ ಕೆಳ ಹಂತದ ತಂಡದಲ್ಲಿ ಆಡುತ್ತಿದ್ದಾಗ ತೆಗೆದ ಫೋಟೊಗೆ ಮ್ಯಾರಿನರ್ಸ್ ಟೋಪಿಯನ್ನು ಬಣ್ಣದಲ್ಲಿ ತಿದ್ದಿ ಕೂರಿಸಿದರು. ಕತ್ತಿನಲ್ಲಿ ಸರ, ಹೆಗಲ ಮೇಲೆ ಬ್ಯಾಟು, ಮುಖದ ತುಂಬಾ ನಗು. ಹದಿಹರೆಯದ ಹುಡುಗನ ನಗು ಅದು. ಡಾನ್‌ರಸ್, ಫ್ಲೀರ್, ಬೋಮನ್‌ನಲ್ಲಿ ಇರುವುದೂ ಅವನೇ. ಆದರೆ ಗ್ರಿಫಿ ರೂಕಿ ಅಂದಾಗ ಯಾರ ಕಣ್ಣ ಮುಂದೆ ಬರುವುದೂ ಈ ಫೋಟೊವೇ.

ಬಾಕ್ಸ್‌ನಲ್ಲಿ 36 ಪ್ಯಾಕ್. ಪ್ಯಾಕ್‌ಗೆ 15 ಕಾರ್ಡ್, ಜೊತೆಗೆ ಒಂದು ತಂಡದ ಹೋಲೋಗ್ರಾಮ್ ಸ್ಟಿಕ್ಕರ್. ಅಂದರೆ ಬಾಕ್ಸ್‌ಗೆ 540 ಕಾರ್ಡ್. ಲೋ ಸೀರೀಸ್‌ನಲ್ಲಿರುವುದು 700 ಬೇರೆ ಬೇರೆ ಕಾರ್ಡ್. ಲೆಕ್ಕ ಹಾಕಿದರೆ ಸರಾಸರಿ ನಾಲ್ಕು ಬಾಕ್ಸ್‌ಗೆ ಮೂರು ಗ್ರಿಫಿ. ಸಿಕ್ಕೇ ಸಿಗುತ್ತಾನೆ ಅಂತ ಯಾರೂ ಮಾತು ಕೊಡಲಾರರು. 701ರಿಂದ 800ರವರೆಗಿನ ಕಾರ್ಡ್‌ಗಳು ಆಮೇಲೆ ಹೈ ಸೀರೀಸ್ ಅಂತ ಬಂದವು. ಬಾಕ್ಸ್ ತಗೊಳ್ಳುವಾಗ ಯಾವುದು ಅಂತ ಕೇಳಿ ತಗೊಳ್ಳಿ. ಗ್ರಿಫಿಗಾಗಿ ಬೇಕಿರುವುದು ಲೋ.

ಗ್ರಿಫಿ ಸಿಗದಿದ್ದರೂ ಕೈ ಬರಿದಾಗುವುದಿಲ್ಲ. ರ‍್ಯಾಂಡಿ ಜಾನ್ಸನ್, ಜಾನ್ ಸ್ಮೋಲ್ಟ್ಸ್, ಕ್ರೇಗ್ ಬಿಜಿಯೊ, ಗ್ಯಾರಿ ಶೆಫೀಲ್ಡ್ ಎಲ್ಲರ ರೂಕಿಗಳೂ ಇದರಲ್ಲೇ ಇವೆ. ಡೇಲ್ ಮರ್ಫಿಯ ಫೋಟೊ ಎಡಬಲ ತಿರುಗಿ ಅಚ್ಚಾದ ತಪ್ಪು ಕಾರ್ಡ್ ಒಂದಿದೆ, ನಂಬರ್ 357. ಅದು ಸಿಕ್ಕಿದರೆ ಎತ್ತಿಡಿ, ಆಮೇಲೆ ಅದನ್ನು ಸರಿಪಡಿಸಿ ಅಚ್ಚು ಹಾಕಿದರು.

ಬಿಡಿ ಪ್ಯಾಕ್ ಕಾಟ

ಈ ಇಡೀ ಹವ್ಯಾಸದಲ್ಲಿ ನನಗೆ ಸಿಟ್ಟು ಬರಿಸುವುದು ಒಂದೇ ವಿಷಯ. ಅದನ್ನು ವಿವರವಾಗಿಯೇ ಹೇಳಬೇಕು.

ಬಾಕ್ಸ್ ಬೆಲೆ ನೋಡಿ ಹೆದರಿದವರು ಬಿಡಿ ಪ್ಯಾಕ್ ಕಡೆ ಹೋಗುತ್ತಾರೆ. ಆನ್‌ಲೈನ್‌ನಲ್ಲಿ ಒಂದು ಪ್ಯಾಕ್, ಐದು ಪ್ಯಾಕ್, ಹತ್ತು ಪ್ಯಾಕ್ ಲೆಕ್ಕದಲ್ಲಿ ಸಿಗುತ್ತವೆ. 'ಗ್ರಿಫಿ ಇರಬಹುದು' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪ್ಯಾಕ್ ಸರಿಯಾಗಿಯೇ ಮುಚ್ಚಿರುತ್ತದೆ. ಆದರೆ ಆ ಪ್ಯಾಕ್ ಬಂದ ಬಾಕ್ಸ್‌ನ ಕಥೆ ನಮಗೆ ಗೊತ್ತಿರುವುದಿಲ್ಲ. ಮಾರುವವನು ಒಂದು ಬಾಕ್ಸ್ ಬಿಚ್ಚುತ್ತಾ ಹೋಗುತ್ತಾನೆ. ಗ್ರಿಫಿ ಸಿಕ್ಕಿದ ಕೂಡಲೇ ನಿಲ್ಲಿಸುತ್ತಾನೆ. ಉಳಿದ ಪ್ಯಾಕ್‌ಗಳನ್ನು ಬಿಡಿಬಿಡಿಯಾಗಿ ಮಾರುತ್ತಾನೆ. ಬಹುಮಾನ ಬಂದು ಮುಗಿದ ಮೇಲೆ ಉಳಿದ ಲಾಟರಿ ಟಿಕೆಟ್ ಮಾರಿದ ಹಾಗೆ ಇದು. ಪ್ಯಾಕ್ ಅಸಲಿ, ಮುಚ್ಚಿರುವುದೂ ಅಸಲಿ. ಆದರೆ ಒಂದು ಬಾಕ್ಸ್‌ನಲ್ಲಿ ಒಂದೇ ಕಾರ್ಡ್ ಮತ್ತೆ ಮತ್ತೆ ಬರುವ ಸಂಭವ ಕಡಿಮೆ. ಆ ಉಳಿದ ಪ್ಯಾಕ್‌ಗಳಲ್ಲಿ ಗ್ರಿಫಿ ಸಿಗುವ ಆಸೆ ಹೋಗಿಬಿಟ್ಟಿರುತ್ತದೆ. ಫಾಯಿಲ್ ಎಷ್ಟು ಗಟ್ಟಿಯಾಗಿದ್ದರೂ ಇದಕ್ಕೆ ಏನೂ ಮಾಡಲಾಗದು.

ಅಪ್ಪರ್ ಡೆಕ್‌ನಲ್ಲಿ ಕಾಟ ಇಷ್ಟಕ್ಕೇ ನಿಲ್ಲುತ್ತದೆ. ಮೇಣದ ಪ್ಯಾಕ್‌ಗಳಲ್ಲಿ ಇನ್ನೂ ಜಾಸ್ತಿ. ಮೇಣ ಸವರಿದ ಕಾಗದವನ್ನು ಹಿಂದೆ ಮಡಚಿ ಸ್ವಲ್ಪ ಬಿಸಿ ಕೊಟ್ಟರೆ ಅಂಟಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಮಾಡಿದ್ದೂ ಅಷ್ಟೇ. ಅದನ್ನೇ ಮನೆಯಲ್ಲೂ ಮಾಡಬಹುದು. ಹುಷಾರಾಗಿ ಬಿಡಿಸಿ, ಒಳ್ಳೇ ಕಾರ್ಡ್ ತೆಗೆದು, ಸಾಮಾನ್ಯ ಆಟಗಾರನ ಕಾರ್ಡ್ ತುಂಬಿ, ಮತ್ತೆ ಬಿಸಿ ತಾಗಿಸಿದರೆ ಮುಗಿಯಿತು.

ಒಬ್ಬ ಮಾರಾಟಗಾರ ನನಗೆ ಕಳಿಸಿದ್ದು ಇಂಥದ್ದೇ. ಡಾನ್‌ರಸ್ ಬಿಡಿ ಪ್ಯಾಕ್‌ಗಳು. ಗ್ರಿಫಿ ಸಿಗಲಿಲ್ಲ, ಅದಿರಲಿ. ಡಾನ್ ಮ್ಯಾಟಿಂಗ್ಲಿ ಇಲ್ಲ, ನೋಲನ್ ರಯನ್ ಇಲ್ಲ, ಕನ್ಸೆಕೊ ಇಲ್ಲ, ಕರ್ಬಿ ಪಕೆಟ್ ಇಲ್ಲ. ಅಷ್ಟೂ ಪ್ಯಾಕ್‌ಗಳಲ್ಲಿ ಹೆಸರು ಕೇಳಿದ ಒಬ್ಬನೂ ಇಲ್ಲ. ಆಮೇಲೆ ಕಾಗದ ಬೆಳಕಿಗೆ ಹಿಡಿದು ನೋಡಿದೆ. ಮಡಿಕೆಯ ಹತ್ತಿರ ಮೇಣದ ಗುರುತು ಎರಡು ಕಡೆ ಇತ್ತು. ಮೊದಲಿನ ಅಂಟು ಒಂದು ಕಡೆ, ಎರಡನೇ ಸಲದ್ದು ಸ್ವಲ್ಪ ಆಚೆ. ಕೆಲವು ಕಾರ್ಡ್‌ಗಳ ಮೂಲೆ ಮೆತ್ತಗಾಗಿತ್ತು. ಕೈಯಿಂದ ಕೈಗೆ ಓಡಾಡಿದ ಕಾರ್ಡ್‌ಗೆ ಮಾತ್ರ ಹಾಗಾಗುತ್ತದೆ. ನೇರವಾಗಿ ಪ್ಯಾಕ್‌ನಿಂದ ಬಂದ ಕಾರ್ಡಿನ ಮೂಲೆ ಚೂಪಾಗಿರುತ್ತದೆ. ಅವನಿಗೆ ಬರೆದೆ, ಉತ್ತರ ಬರಲಿಲ್ಲ.

ಮೇಣದ ಪ್ಯಾಕ್ ತಗೊಳ್ಳುವವರು ನೋಡಬೇಕಾದ್ದು ಇಷ್ಟು. ಹಿಂದಿನ ಮಡಿಕೆಯಲ್ಲಿ ಅಂಟಿನ ಗುರುತು ಒಂದೇ ಇರಬೇಕು. ಮೇಣ ಹರಡಿಕೊಂಡು ಮಬ್ಬಾಗಿರಬಾರದು. ಕಾಗದ ಬಿಗಿಯಾಗಿರಬೇಕು, ಬದಿಗಳಲ್ಲಿ ಹೊಸ ಸುಕ್ಕು ಇರಬಾರದು. ಬಿಚ್ಚಿದ ಮೇಲೆ, ಮಡಿಕೆಗೆ ತಾಗಿ ಕೂತ ಕಾರ್ಡಿನ ಮೇಲೆ ಸಾಮಾನ್ಯವಾಗಿ ಮೇಣದ ಕಲೆ ಇರುತ್ತದೆ. ಯಾವ ಪ್ಯಾಕ್‌ನಲ್ಲೂ ಕಲೆ ಇಲ್ಲದಿದ್ದರೆ ನನಗೆ ಅನುಮಾನ ಬರುತ್ತದೆ.

ಸೆಲೊ ಪ್ಯಾಕ್ ಅಂತ ಇನ್ನೊಂದು ತರಹ ಇದೆ. ಪಾರದರ್ಶಕ ಪ್ಲಾಸ್ಟಿಕ್. ಮೇಲಿನ ಕಾರ್ಡ್, ಕೆಳಗಿನ ಕಾರ್ಡ್ ಹೊರಗಿನಿಂದಲೇ ಕಾಣುತ್ತವೆ. ಗ್ರಿಫಿ ಮೇಲೆ ಕಾಣುವ ಸೆಲೊ ಪ್ಯಾಕ್‌ಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಅಷ್ಟು ದುಡ್ಡು ಬರುವ ಕಡೆ ಕೈಚಳಕವೂ ಬರುತ್ತದೆ. ನಾನು ಅದರ ಹತ್ತಿರ ಹೋಗುವುದಿಲ್ಲ.

ಹಾಗಾದರೆ ಬಾಕ್ಸ್ ಮಾತ್ರ ಹೇಗೆ ನಂಬೋದು? 80ರ ದಶಕದ ಅನೇಕ ಬಾಕ್ಸ್‌ಗಳಿಗೆ ಕಾರ್ಖಾನೆಯ ಪ್ಲಾಸ್ಟಿಕ್ ಸುತ್ತೇ ಇರುತ್ತಿರಲಿಲ್ಲ. ಸುಮ್ನೆ ಮುಚ್ಚಳ ಎತ್ತಿದರೆ ಪ್ಯಾಕ್. ಅದಕ್ಕೇ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಅನ್ನುವ ಸಂಸ್ಥೆ ಹಳೇ ಬಾಕ್ಸ್‌ಗಳನ್ನು ಪರೀಕ್ಷಿಸಿ, ಸರಿ ಅನ್ನಿಸಿದರೆ ತಮ್ಮ ಗುರುತಿನ ಪ್ಲಾಸ್ಟಿಕ್ ಸುತ್ತಿ ಕೊಡುತ್ತದೆ. ಬಿಬಿಸಿಇ ಅಂತ ಎಲ್ಲರೂ ಕರೆಯುತ್ತಾರೆ. ಆ ಸುತ್ತು ಇರುವ ಬಾಕ್ಸ್‌ಗೆ ಸ್ವಲ್ಪ ಜಾಸ್ತಿ ಕೊಡಬೇಕು. ನಾನು ಕೊಟ್ಟೆ. ಬೇರೆ ಖರ್ಚಿನಲ್ಲಿ ಉಳಿಸಿ, ಇದರಲ್ಲಿ ಉಳಿಸಬೇಡಿ.

ಡಾನ್‌ರಸ್

ಕಡಿಮೆ ದುಡ್ಡಿಗೆ ಇಡೀ ಬಾಕ್ಸ್ ಬಿಚ್ಚುವ ಸಂತೋಷ ಬೇಕಿದ್ದರೆ ಇದು. ನಾನು ತಗೊಂಡ ಹೊತ್ತಿಗೆ ಒಂದು ಅಪ್ಪರ್ ಡೆಕ್ ಬಾಕ್ಸ್‌ನ ದುಡ್ಡಲ್ಲಿ ಏಳೆಂಟು ಡಾನ್‌ರಸ್ ಬಾಕ್ಸ್ ಬರುತ್ತಿದ್ದವು. 660 ಕಾರ್ಡ್‌ಗಳ ಸೆಟ್. ಗ್ರಿಫಿ 33ನೇ ನಂಬರ್, ಮೂಲೆಯಲ್ಲಿ 'ರೇಟೆಡ್ ರೂಕಿ' ಅನ್ನುವ ಗುರುತು. ಇದರಲ್ಲೂ ಬಾಕ್ಸ್‌ಗೆ 36 ಪ್ಯಾಕ್, ಪ್ಯಾಕ್‌ಗೆ 15 ಕಾರ್ಡ್. ಹಾಗಾಗಿ ಗ್ರಿಫಿ ಸಿಗುವ ಸಂಭವ ಅಪ್ಪರ್ ಡೆಕ್‌ಗಿಂತ ಒಂದು ಕೂದಲು ಜಾಸ್ತಿಯೇ.

ಪ್ಯಾಕ್ ಒಳಗೆ ಬಬಲ್‌ಗಮ್ ಇರುವುದಿಲ್ಲ, ಚಿತ್ರದ ಪಜಲ್ ತುಂಡುಗಳಿರುತ್ತವೆ. ಎಲ್ಲ ಕೂಡಿಸಿದರೆ ವಾರೆನ್ ಸ್ಪಾನ್ ಅನ್ನುವ ಹಳೇ ಪಿಚರ್‌ನ (ಚೆಂಡು ಎಸೆಯುವವನ) ಚಿತ್ರ ಆಗುತ್ತದೆ. ಇದರ ಹಿಂದೆ ಕೋರ್ಟ್ ಕಥೆ ಇದೆ. ಬಬಲ್‌ಗಮ್ ಜೊತೆ ಕಾರ್ಡ್ ಮಾರುವ ಹಕ್ಕು ತನಗೆ ಮಾತ್ರ ಅಂತ ಟಾಪ್ಸ್ ವಾದಿಸಿತ್ತು. 1981ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಆಮೇಲೆ ಫ್ಲೀರ್ ಗಮ್ ಬದಲು ಸ್ಟಿಕ್ಕರ್ ಹಾಕಿತು, ಡಾನ್‌ರಸ್ ಪಜಲ್ ಹಾಕಿತು. ಊರಲ್ಲಿ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರ ಕೂಡಿಹಾಕಿದವನು ನಾನು. ಕಾರ್ಡ್ ಪ್ಯಾಕ್‌ನಲ್ಲಿ ಗಮ್ ಇಲ್ಲ ಅಂದರೆ ಏನೋ ಕೊರತೆ ಅನ್ನಿಸುತ್ತದೆ. ಇಷ್ಟು ವರ್ಷದ ಗಮ್ ತಿನ್ನುವಂಥದ್ದಲ್ಲ, ಅದು ಬೇರೆ ಮಾತು.

ಡಾನ್‌ರಸ್‌ನ ತೊಂದರೆ ಅಂಚು. ಅಂಚಿನ ಸುತ್ತ ಗಾಢ ಬಣ್ಣ. ಸ್ವಲ್ಪ ಉಜ್ಜಿದರೂ ಬಣ್ಣ ಉದುರಿ ಬಿಳಿ ಚುಕ್ಕೆ ಕಾಣುತ್ತದೆ. ಪ್ಯಾಕ್‌ನಿಂದ ಆಗಷ್ಟೇ ತೆಗೆದ ಕಾರ್ಡ್‌ನಲ್ಲೂ ನೋಡಿದ್ದೇನೆ. ಜೊತೆಗೆ ಮೇಣದ ಕಲೆ. ಕಾರ್ಡಿನ ಹೊಳಪು ಬದಿಗೆ ಮೇಣ ತಾಗಿದ್ದರೆ ನೈಲಾನ್ ಕಾಲುಚೀಲದ ಬಟ್ಟೆಯಿಂದ ಮೆತ್ತಗೆ ಉಜ್ಜಿದರೆ ಹೋಗುತ್ತದೆ. ಹಳೇ ಸಂಗ್ರಹಕಾರರ ಉಪಾಯ ಇದು, ಕೆಲಸ ಮಾಡುತ್ತದೆ. ಹಿಂದಿನ ಒರಟು ಬದಿಗೆ ಇಳಿದಿದ್ದರೆ ಅಷ್ಟು ಸುಲಭ ಅಲ್ಲ.

ನನಗೆ ಡಾನ್‌ರಸ್ ಬಾಕ್ಸ್‌ನಲ್ಲಿ ಗ್ರಿಫಿ ಸಿಕ್ಕ. ಖುಷಿ ಆಯಿತು. ಆದರೆ ಆ ಖುಷಿ ಬೇಗ ಇಳಿಯಿತು. ಕಾರ್ಡ್ ಅಂಗಡಿಯ ಮೇಜಿನ ಮೇಲೆ ಅದೇ ಕಾರ್ಡ್ ಕೆಲವೇ ಡಾಲರ್‌ಗೆ ಸಿಗುತ್ತದೆ. ಬೆಲೆಯೇ ಮುಖ್ಯ ಅಂತ ನಾನು ಹೇಳುತ್ತಿಲ್ಲ. ಪ್ರತಿ ಪ್ಯಾಕ್ ಬಿಚ್ಚುವಾಗ ಎದೆ ಹೊಡೆದುಕೊಳ್ಳಬೇಕು. ಡಾನ್‌ರಸ್‌ನಲ್ಲಿ ನನಗೆ ಹಾಗೆ ಆಗಲಿಲ್ಲ.

ಫ್ಲೀರ್, ಬೋಮನ್

ಫ್ಲೀರ್‌ನಲ್ಲಿ ಗ್ರಿಫಿ 548ನೇ ನಂಬರ್. ಬೂದು ಬಣ್ಣದ ಅಂಚು, ಉದ್ದುದ್ದ ಗೆರೆ. ನನಗೆ ನೋಡಲು ಸಪ್ಪೆ. ಇದರ ಪ್ರಸಿದ್ಧ ಕಾರ್ಡ್ ಬೇರೆಯೇ, 616ನೇ ನಂಬರ್ ಬಿಲ್ ರಿಪ್ಕನ್. ಅವನ ಬ್ಯಾಟಿನ ತುದಿಯಲ್ಲಿ ಕೆಟ್ಟ ಬೈಗುಳ ಬರೆದಿದ್ದು ಯಾರಿಗೂ ಕಾಣದೆ ಹಾಗೇ ಅಚ್ಚಾಯಿತು. ಆಮೇಲೆ ಕಂಪನಿ ಕಪ್ಪು ಬಳಿದು, ಗೀಚಿ, ಬಿಳಿ ಹಾಕಿ ಬೇರೆ ಬೇರೆ ತರಹ ಮುಚ್ಚಿತು. ಚಿಕ್ಕ ಮಕ್ಕಳ ಜೊತೆ ಕೂತು ಬಿಚ್ಚುವವರು ಇದನ್ನು ನೆನಪಿಡಿ. ನನ್ನ ಮಗಳು ಕಾರ್ಡಿನಲ್ಲಿ ಕಂಡ ಪ್ರತಿ ಅಕ್ಷರವನ್ನೂ ಜೋರಾಗಿ ಓದುತ್ತಾಳೆ. ಅವಳ ಜೊತೆ ನಾನು ಫ್ಲೀರ್ ಬಿಚ್ಚುವುದಿಲ್ಲ.

ಬೋಮನ್ ಬಗ್ಗೆ ಒಂದೇ ಮಾತು. ಆ ವರ್ಷದ ಕಾರ್ಡ್ ಉಳಿದವಕ್ಕಿಂತ ಕಾಲು ಇಂಚು ಉದ್ದ. ಮಾಮೂಲಿ ಸ್ಲೀವ್ (ತೆಳು ಪ್ಲಾಸ್ಟಿಕ್ ಚೀಲ), ಆಲ್ಬಂ ಪುಟ, ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವಚ) ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಮೇಲಿನ ಅಂಚು ಹೊರಗೆ ಉಳಿದು ಮೂಲೆ ಬಡಿಯುತ್ತದೆ. 220ನೇ ನಂಬರ್ ಗ್ರಿಫಿ ಚೆಂದವಾಗಿಯೇ ಇದ್ದಾನೆ, ಇಡಲು ಜಾಗ ಮಾತ್ರ ಇಲ್ಲ.

ಅಪ್ಪರ್ ಡೆಕ್‌ನಲ್ಲೂ ಕೊರತೆ ಇದೆ

ಹೊಳಪು ಜಾಸ್ತಿ ಆದ್ದರಿಂದ ಕಾರ್ಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಿಯಾಟಲ್‌ನಲ್ಲಿ ಅರ್ಧ ವರ್ಷ ಮಳೆ, ತೇವ. ಹಿಂದೆ ಬಾಕ್ಸ್ ಎಲ್ಲಿತ್ತೋ, ಬಿಸಿಯಲ್ಲಿತ್ತೋ ತೇವದಲ್ಲಿತ್ತೋ ನಮಗೆ ತಿಳಿಯುವುದಿಲ್ಲ. ನನ್ನ ಬಾಕ್ಸ್‌ನ ಕೆಲವು ಪ್ಯಾಕ್‌ಗಳಲ್ಲಿ ಇಡೀ ಕಟ್ಟೇ ಒಂದು ಇಟ್ಟಿಗೆಯಾಗಿ ಬಂತು. ಉಗುರು ಹಾಕಿ ಬಿಡಿಸಬೇಡಿ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ಬಾಗಿಸಿ, ಆಮೇಲೆ ಆ ಕಡೆಗೆ ಬಾಗಿಸಿ. ಟಪ್ ಅಂತ ಸಣ್ಣ ಶಬ್ದ ಬಂದು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ಜೋರು ಮಾಡಬೇಡಿ, ಮೇಲಿನ ಪದರ ಕಿತ್ತು ಬಂದರೆ ಕಾರ್ಡ್ ಮುಗಿಯಿತು. ಬಿಚ್ಚದ ಪ್ಯಾಕ್‌ಗಳನ್ನು ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪುಟ್ಟ ಚೀಲಗಳ ಜೊತೆ ಇಟ್ಟಿದ್ದೇನೆ.

ಎರಡನೇ ಕೊರತೆ ಗ್ರಿಫಿ ಕಾರ್ಡಿನದ್ದೇ. ಅಚ್ಚಿನ ಹಾಳೆಯಲ್ಲಿ 1ನೇ ನಂಬರ್ ಇದ್ದದ್ದು ಮೂಲೆಯಲ್ಲಿ. ಹಾಳೆ ಎತ್ತುವಾಗ, ಇಡುವಾಗ, ಕತ್ತರಿಸುವಾಗ ಮೊದಲ ಪೆಟ್ಟು ಮೂಲೆಗೇ. ಅದಕ್ಕೇ ಪ್ಯಾಕ್‌ನಿಂದ ನೇರವಾಗಿ ಬಂದ ಗ್ರಿಫಿಯ ಮೂಲೆಯೂ ಮೊಂಡಾಗಿರಬಹುದು. ನನ್ನದರ ಮೂಲೆ ಚೆನ್ನಾಗಿದೆ, ಚಿತ್ರ ಮಾತ್ರ ಎಡಕ್ಕೆ ಸರಿದಿದೆ. ಎಡಗಡೆ ಬಿಳಿ ಅಂಚು ಸಣ್ಣದು, ಬಲಗಡೆ ದಪ್ಪ. ಕಣ್ಣಿಗೇ ಗೊತ್ತಾಗುತ್ತದೆ.

ಹೌದು, ನನಗೆ ಸಿಕ್ಕ. ರಾತ್ರಿ ಊಟವಾದ ಮೇಲೆ ಒಂದೊಂದೇ ಪ್ಯಾಕ್ ಬಿಚ್ಚುವುದು ನನ್ನ ಅಭ್ಯಾಸ. ಒಂದೇ ಸಲ ಎಲ್ಲ ಬಿಚ್ಚಿದರೆ ಅರ್ಧ ಗಂಟೆಯಲ್ಲಿ ದುಡ್ಡೂ ಖಾಲಿ, ಕುತೂಹಲವೂ ಖಾಲಿ. ಬಾಕ್ಸ್ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಮಗಳು ಕಾರ್ಡ್ ಸರಿಸುತ್ತಿದ್ದವಳು 'ಅಪ್ಪಾ, ಇವನು ನಗ್ತಿದಾನೆ ನೋಡು' ಅಂದಳು. ನಾನು ಅವಳ ಕೈಯಿಂದ ಕಿತ್ತುಕೊಳ್ಳದೆ 'ಅಂಚು ಹಿಡಿದುಕೋ ಪುಟ್ಟಿ, ಮೇಲೆ ಬೆರಳು ಇಡಬೇಡ' ಅಂದೆ. ಸ್ಲೀವ್ ಹತ್ತಿರದಲ್ಲೇ ಇತ್ತು. ಅಪ್ಪರ್ ಡೆಕ್ ಬಿಚ್ಚುವಾಗ ಸ್ಲೀವ್ ಪಕ್ಕದಲ್ಲಿ ಇಟ್ಟುಕೊಂಡೇ ಕೂರಿ. ಸಿಕ್ಕಿದ ಮೇಲೆ ಹುಡುಕಲು ಹೋದರೆ ಕೈ ನಡುಗುತ್ತದೆ.

ಗ್ರೇಡಿಂಗ್‌ಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಅಂಕ ಕೊಡುವ ಸಂಸ್ಥೆಗೆ ಕಳಿಸು ಅಂತ ಕೆಲವರು ಹೇಳಿದರು. ನಾನು ಕಳಿಸಿಲ್ಲ. ಪಿಎಸ್‌ಎ ಒಂದೇ ಸಂಸ್ಥೆ ಈ ಕಾರ್ಡನ್ನು ಲಕ್ಷಕ್ಕೂ ಹೆಚ್ಚು ಸಲ ಗ್ರೇಡ್ ಮಾಡಿದೆ. ಹತ್ತಕ್ಕೆ ಹತ್ತು ಪಡೆದವು ಅದರಲ್ಲಿ ಕೆಲವೇ ಸಾವಿರ. ದೊಡ್ಡ ಬೆಲೆ ಇರುವುದು ಆ ಹತ್ತಕ್ಕೆ. ಚಿತ್ರ ಸರಿದ ನನ್ನ ಕಾರ್ಡ್‌ಗೆ ಹತ್ತು ಬರುವುದಿಲ್ಲ ಅಂತ ಗೊತ್ತಿದ್ದೂ ಶುಲ್ಕ, ಅಂಚೆ ಖರ್ಚು ಕೊಡುವುದು ವ್ಯರ್ಥ. ಮೂಲೆ, ಅಂಚು, ಚಿತ್ರದ ಜಾಗ ಎಲ್ಲ ಸರಿಯಾಗಿದ್ದರೆ ನೀವು ಖಂಡಿತ ಕಳಿಸಿ.

ಕಾರ್ಡ್ ಒಂದೇ ಸಾಕು ಅನ್ನುವವರಿಗೆ

ಗ್ರೇಡ್ ಆಗದ ಅಪ್ಪರ್ ಡೆಕ್ ಗ್ರಿಫಿ ಒಂದು ಬಾಕ್ಸ್‌ಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಲೆಕ್ಕದ ಪ್ರಕಾರ ಅದೇ ಸರಿ. ತಗೊಳ್ಳುವ ಮುಂಚೆ ಹಿಂದಿನ ಹೋಲೋಗ್ರಾಮ್ ಓರೆಯಾಗಿ ಹಿಡಿದು ನೋಡಿ, ಬೆಳಕು ಆಡಬೇಕು. ನಕಲಿಗಳಲ್ಲಿ ಅದು ಬರೀ ಬೂದು ಚುಕ್ಕೆಯ ಹಾಗೆ ಸತ್ತಿರುತ್ತದೆ. ಸಣ್ಣ ಅಕ್ಷರಗಳೂ ಚೊಕ್ಕವಾಗಿರಬೇಕು.

ಆದರೆ ನನಗೆ ಬೇಕಿದ್ದು ಕಾರ್ಡ್ ಒಂದೇ ಅಲ್ಲ. 1989ರ ವಸಂತದಲ್ಲಿ ಸಿಯಾಟಲ್‌ನ ಯಾವುದೋ ಮಗು ಅಂಗಡಿಯ ಮುಂದೆ ನಿಂತು ಬಿಚ್ಚಿದ ಹಾಗೆ ನಾನೂ ಬಿಚ್ಚಬೇಕಿತ್ತು. ನಾನು ಬೇರೆ ದೇಶದಲ್ಲಿ, ಬೇರೆ ಆಟ ನೋಡುತ್ತಾ ಇದ್ದ ಕಾಲ ಅದು. ಆ ಫಾಯಿಲ್ ಹರಿಯುವ ಶಬ್ದಕ್ಕೆ ನಾನು ದುಡ್ಡು ಕೊಟ್ಟೆ ಅಂದರೂ ಸರಿ.

ನನ್ನ ಖರ್ಚಿನ ಲೆಕ್ಕ ಹೀಗಿದೆ. ವರ್ಷಕ್ಕೆ ಒಂದು ದೊಡ್ಡ ಬಾಕ್ಸ್, ಅದು ಅಪ್ಪರ್ ಡೆಕ್ ಲೋ ಸೀರೀಸ್, ಬಿಬಿಸಿಇ ಸುತ್ತು ಇರುವುದು. ನಡುವೆ ಮಗಳ ಗೆಳತಿಯರು ಬಂದಾಗ ಬಿಚ್ಚಲು ಒಂದು ಡಾನ್‌ರಸ್ ಬಾಕ್ಸ್. ಮಕ್ಕಳು ಪಜಲ್ ಜೋಡಿಸುತ್ತಾರೆ, ಕಾರ್ಡ್ ಮೂಲೆ ಮಡಚಿದರೂ ನನಗೆ ಬೇಜಾರಿಲ್ಲ. ಫ್ಲೀರ್, ಬೋಮನ್ ಮತ್ತೆ ತಗೊಳ್ಳುವುದಿಲ್ಲ. ಬಿಡಿ ಪ್ಯಾಕ್ ಅಂತೂ ಯಾವ ಕಂಪನಿಯದ್ದೂ ಇಲ್ಲ. ಒಂದೇ ಒಂದು ಪ್ಯಾಕ್‌ಗೆ ಸಾಕಾಗುವಷ್ಟು ದುಡ್ಡು ನಿಮ್ಮ ಹತ್ತಿರ ಇದ್ದರೆ ಇಡೀ ಡಾನ್‌ರಸ್ ಬಾಕ್ಸ್‌ಗೆ ಇನ್ನೆಷ್ಟು ಬೇಕು ಅಂತ ನೋಡಿ, ಕೂಡಿಟ್ಟು ಅದನ್ನೇ ತಗೊಳ್ಳಿ. ಆನ್‌ಲೈನ್‌ನಲ್ಲಿ ಅಪ್ಪರ್ ಡೆಕ್ ತರಿಸುವವರು ಬೇಸಿಗೆ ಬಿಟ್ಟು ತರಿಸಿ. ಬಿಸಿ ವ್ಯಾನಿನಲ್ಲಿ ದಿನಗಟ್ಟಲೆ ಕೂತ ಬಾಕ್ಸ್‌ನಲ್ಲಿ ಕಾರ್ಡ್ ಅಂಟಿಕೊಳ್ಳುವುದು ಇನ್ನೂ ಜಾಸ್ತಿ.